ಚಿನ್ನದ ತೂಕ, ಗಡಿಯಾರದ ಬೆಲೆ

‘ಗಡಿಯಾರ’ ಎಂಬ ಮಾತು ಸಂಸ್ಕೃತದ ‘ಘಟಿಕಾ’ ಎಂಬ ಶಬ್ದಕ್ಕೆ ಸಂಬಂಧಿಸಿದ್ದು. ಅಡಿಯಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ನಮ್ಮ ಹಿರಿಯರು ಒಂದು ಗಳಿಗೆ ಎಂದರು. ಇಂದಿನ ಲೆಕ್ಕದಲ್ಲಿ ಅದು ೨೪ ನಿಮಿಷ. ತಮಿಳಿನ ‘ಕಡಿಗಾರಂ’ ಕೂಡ ಇದೇ ಮೂಲದ್ದೆಂಬುದು ಎರಡು ಭಾಷೆಗಳನ್ನು ಕಲಿಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಸುಲಭವಾಗಿ ಹೊಳೆಯುತ್ತದೆ. ಗಳಿಗೆಯಿಂದ ನಿಮಿಷಕ್ಕೆ, ನಿಮಿಷದಿಂದ ಸೆಕೆಂಡಿಗೆ, ಸೆಕೆಂಡಿನಿಂದ ಅದರ ಐದನೆಯ ಒಂದು ಭಾಗಕ್ಕೆ ಮನುಷ್ಯನ ಅಳತೆ ಸೂಕ್ಷ್ಮವಾಗುತ್ತ ಬಂದಿತು. ಈ ಬೆಳವಣಿಗೆಯಲ್ಲಿ ಕ್ರೋನೊಗ್ರಾಫ್ ಎಂಬ ಗಡಿಯಾರಕ್ಕೆ ವಿಶೇಷ ಸ್ಥಾನವಿದೆ.

ನಮ್ಮ ಹೊಸೂರಿಗೆ ಗಡಿಯಾರದ ನಂಟು ಹೊಸದಲ್ಲ. ೧೯೮೪ರಲ್ಲಿ ಸ್ಥಾಪಿತವಾದ ಟೈಟಾನ್ ಸಂಸ್ಥೆಯ ಕಾರ್ಖಾನೆ ಇಲ್ಲಿಯೇ ಇದೆ. ಅದಕ್ಕೂ ಮೊದಲು, ೧೯೬೧ರಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ತಾಂತ್ರಿಕ ನೆರವಿನಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳು ತಯಾರಾಗತೊಡಗಿದವು. ಆದರೆ ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಸ್ವಿಟ್ಜರ್ಲೆಂಡಿನ ಹಳೆಯ ಚಿನ್ನದ ಕ್ರೋನೊಗ್ರಾಫ್ ಕೈಗಡಿಯಾರಗಳನ್ನು ಕುರಿತು. ಜಗತ್ತಿನ ಅನೇಕ ದೇಶಗಳಲ್ಲಿ ಅವುಗಳನ್ನು ಹುಡುಕಿ, ಪರೀಕ್ಷಿಸಿ, ಸಂಗ್ರಹಿಸಿ ಇಡುವವರಿದ್ದಾರೆ. ಇದು ಹಣವಂತರ ಹವ್ಯಾಸ, ನಮಗೇಕೆ ಎಂದು ನೀವು ಕೇಳಬಹುದು. ಒಂದು ವಸ್ತುವಿನ ಬೆಲೆ ಅದರ ಲೋಹದಲ್ಲಿದೆಯೋ, ಅದರೊಳಗೆ ಸೇರಿರುವ ಬುದ್ಧಿ ಮತ್ತು ಕೈಕೆಲಸದಲ್ಲಿದೆಯೋ ಎಂಬ ಪ್ರಶ್ನೆಗೆ ಈ ಗಡಿಯಾರಗಳಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ವಸ್ತುಗಳು ವಿರಳ. ಆ ಉತ್ತರ ನಮ್ಮ ಮನೆಯ ಪೆಟ್ಟಿಗೆಗೂ ಅನ್ವಯಿಸುತ್ತದೆ.

ಕ್ರೋನೊಗ್ರಾಫ್ ಎಂದರೇನು?

ಗ್ರೀಕ್ ಭಾಷೆಯಲ್ಲಿ ‘ಕ್ರೋನೋಸ್’ ಎಂದರೆ ಕಾಲ. ‘ಗ್ರಾಫ್’ ಎಂಬುದು ಬರೆಯುವುದನ್ನು ಸೂಚಿಸುತ್ತದೆ. ಕಾಲವನ್ನು ಬರೆಯುವ ಯಂತ್ರವೆಂದು ಅರ್ಥ. ಈ ಹೆಸರು ಬಂದದ್ದಕ್ಕೆ ಕಾರಣವಿದೆ. ೧೮೨೧ರ ಸೆಪ್ಟೆಂಬರ್ ೧ರಂದು ಪ್ಯಾರಿಸ್ ನಗರದ ಕುದುರೆ ಪಂದ್ಯದಲ್ಲಿ ನಿಕೋಲಾ ರ್‍ಯೂಸೆಕ್ ಎಂಬ ಗಡಿಯಾರ ತಯಾರಕನು ತನ್ನ ಹೊಸ ಯಂತ್ರವನ್ನು ಬಳಸಿದನು. ಪ್ರತಿಯೊಂದು ಕುದುರೆ ಗುರಿಯನ್ನು ದಾಟಿದಾಗಲೂ ಅದು ಡಯಲಿನ ಮೇಲೆ ಶಾಯಿಯ ಚುಕ್ಕೆಯೊಂದನ್ನು ಇಡುತ್ತಿತ್ತು. ಅಂದರೆ ಅದು ನಿಜವಾಗಿಯೂ ಕಾಲವನ್ನು ಬರೆಯುತ್ತಿತ್ತು. ಆತನೇ ಮೊದಲಿಗನೆಂದು ಬಹುಕಾಲ ನಂಬಲಾಗಿತ್ತು. ಆದರೆ ಫ್ರಾನ್ಸಿನವನೇ ಆದ ಲೂಯಿ ಮ್ವಾನೆ ಎಂಬಾತನು ನಕ್ಷತ್ರ ವೀಕ್ಷಣೆಗಾಗಿ ೧೮೧೬ರಲ್ಲೇ ಸೆಕೆಂಡಿನ ೬೦ನೆಯ ಒಂದು ಭಾಗವನ್ನು ಅಳೆಯುವ ಉಪಕರಣವನ್ನು ಮಾಡಿದ್ದನೆಂಬುದು ೨೦೧೩ರಲ್ಲಿ ಲೋಕಕ್ಕೆ ತಿಳಿಯಿತು. ಹಳೆಯ ವಸ್ತುವೊಂದನ್ನು ಯಾರೋ ಜೋಪಾನ ಮಾಡಿಟ್ಟಿದ್ದರಿಂದ ಇತಿಹಾಸವೇ ತಿದ್ದಲ್ಪಟ್ಟಿತು ಎಂಬುದನ್ನು ಗಮನಿಸಿರಿ.

ಇಂದು ನಾವು ಕ್ರೋನೊಗ್ರಾಫ್ ಎನ್ನುವುದು, ವೇಳೆಯನ್ನು ತೋರಿಸುತ್ತಲೇ ಬೇಕಾದಾಗ ಓಡಿಸಿ, ನಿಲ್ಲಿಸಿ, ಮತ್ತೆ ಸೊನ್ನೆಗೆ ತರಬಹುದಾದ ಪ್ರತ್ಯೇಕ ಸೆಕೆಂಡಿನ ಮುಳ್ಳುಳ್ಳ ಗಡಿಯಾರಕ್ಕೆ. ನಮ್ಮ ದೈಹಿಕ ಶಿಕ್ಷಕರು ಕ್ರೀಡಾಕೂಟದಲ್ಲಿ ಹಿಡಿಯುವ ಸ್ಟಾಪ್‌ವಾಚನ್ನೂ ಸಾಮಾನ್ಯ ಗಡಿಯಾರವನ್ನೂ ಒಂದೇ ಕವಚದಲ್ಲಿ ಕೂಡಿಸಿದಂತೆ ಇದು. ೧೯೧೩ರ ಸುಮಾರಿಗೆ ಲಾಂಜಿನ್ ಮುಂತಾದ ಸಂಸ್ಥೆಗಳು ಇದನ್ನು ಕೈಗೆ ಕಟ್ಟುವಷ್ಟು ಚಿಕ್ಕದಾಗಿ ಮಾಡಿದವು. ಆಗ ಎಲ್ಲ ಕೆಲಸಕ್ಕೂ ಒಂದೇ ಗುಂಡಿ. ನಿಲ್ಲಿಸಿದ ಮುಳ್ಳನ್ನು ಅಲ್ಲಿಂದಲೇ ಮುಂದುವರಿಸಲು ಆಗುತ್ತಿರಲಿಲ್ಲ. ೧೯೩೦ರ ದಶಕದಲ್ಲಿ ಎರಡನೆಯ ಗುಂಡಿ ಬಂದ ಮೇಲೆ ಆ ಕೊರತೆ ನೀಗಿತು.

ಒಳಗಿನ ಕೆಲಸ

ಕೀಲಿ ಕೊಟ್ಟಾಗ ಸುತ್ತಿಕೊಂಡ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಅವು ಒಮ್ಮೆಲೇ ಓಡಿಹೋಗದಂತೆ ಬ್ಯಾಲೆನ್ಸ್ ಚಕ್ರವು ಅತ್ತಿತ್ತ ತೂಗುತ್ತ ಹಿಡಿದು ಬಿಡುತ್ತದೆ. ಹಳೆಯ ಗಡಿಯಾರಗಳಲ್ಲಿ ಈ ತೂಗಾಟ ಸಾಮಾನ್ಯವಾಗಿ ಗಂಟೆಗೆ ೧೮,೦೦೦. ಗಂಟೆಗೆ ೩,೬೦೦ ಸೆಕೆಂಡುಗಳಾದ್ದರಿಂದ ಸೆಕೆಂಡಿಗೆ ೫ ತೂಗಾಟ. ಆದಕಾರಣ ಅಂತಹ ಕ್ರೋನೊಗ್ರಾಫ್ ಸೆಕೆಂಡಿನ ಐದನೆಯ ಒಂದು ಭಾಗವನ್ನು ಮಾತ್ರ ಅಳೆಯಬಲ್ಲದು. ಅದಕ್ಕಿಂತ ಸೂಕ್ಷ್ಮವಾಗಿ ಅಳೆಯಲಾರದು.

ಮೇಲಿನ ಗುಂಡಿಯನ್ನು ಒತ್ತಿದಾಗ ಸನ್ನೆಯೊಂದು ಸರಿದು, ಸದಾ ಓಡುತ್ತಿರುವ ಚಕ್ರಕ್ಕೂ ನಿಂತಿರುವ ಚಕ್ರಕ್ಕೂ ಸಂಬಂಧ ಕಲ್ಪಿಸುತ್ತದೆ. ಒಳ್ಳೆಯ ಗಡಿಯಾರಗಳಲ್ಲಿ ಈ ಸನ್ನೆಗಳಿಗೆ ಅಪ್ಪಣೆ ಕೊಡುವುದು ಕೋಟೆಯ ತೆನೆಗಳಂತೆ ಪುಟ್ಟ ಕಂಬಗಳು ಎದ್ದುನಿಂತಿರುವ ಒಂದು ಚಕ್ರ. ಅಗ್ಗದವುಗಳಲ್ಲಿ ಅದರ ಬದಲಿಗೆ ಅಚ್ಚಿನಿಂದ ಕತ್ತರಿಸಿದ ತಗಡಿನ ತುಂಡು ಇರುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಮುಳ್ಳು ಸೊನ್ನೆಗೆ ಮರಳುವ ಬಗೆ. ಅಡಾಲ್ಫ್ ನಿಕೋಲ್ ಎಂಬಾತನು ೧೮೪೪ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಮುಳ್ಳಿನ ಅಚ್ಚಿಗೆ ಹೃದಯದ ಆಕಾರದ ತುಂಡೊಂದನ್ನು ಜೋಡಿಸಿರುತ್ತಾರೆ. ಕೆಳಗಿನ ಗುಂಡಿಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಅದರ ಬದಿಗೆ ಬಡಿಯುತ್ತದೆ. ಹೃದಯವು ಎತ್ತ ತಿರುಗಿದ್ದರೂ ಸುತ್ತಿಗೆಯ ಒತ್ತಡಕ್ಕೆ ಜಾರಿ, ತನ್ನ ತಗ್ಗಿನ ಜಾಗವನ್ನೇ ಸುತ್ತಿಗೆಗೆ ಒಡ್ಡಿ ನಿಲ್ಲುತ್ತದೆ. ಆ ಜಾಗವೇ ಸೊನ್ನೆ. ಮುಳ್ಳು ಎಲ್ಲಿಯೇ ಇರಲಿ, ಕಣ್ಣು ಮಿಟುಕಿಸುವುದರೊಳಗೆ ಸ್ವಸ್ಥಾನಕ್ಕೆ ಬಂದಿರುತ್ತದೆ. ಇಷ್ಟು ಸರಳವಾದ ಉಪಾಯ ಹದಿನೆಂಟು ದಶಕಗಳ ಬಳಿಕವೂ ಬಳಕೆಯಲ್ಲಿದೆ.

ಡಯಲಿನ ಅಂಚಿನ ಗಣಿತ

ಅನೇಕ ಕ್ರೋನೊಗ್ರಾಫ್‌ಗಳ ಡಯಲಿನ ಅಂಚಿನಲ್ಲಿ ವಿಚಿತ್ರವಾದ ಅಂಕಿಗಳಿರುತ್ತವೆ. ಅವು ಅಲಂಕಾರಕ್ಕಲ್ಲ.

ಮೊದಲನೆಯದು ವೇಗದ ಅಳತೆ. ಒಂದು ಕಿಲೋಮೀಟರ್ ಕಲ್ಲಿನ ಬಳಿ ಮುಳ್ಳನ್ನು ಓಡಿಸಿ ಮುಂದಿನ ಕಲ್ಲಿನ ಬಳಿ ನಿಲ್ಲಿಸಿದರೆ, ವಾಹನದ ವೇಗ ತಾನಾಗಿ ಕಾಣುತ್ತದೆ. ೩,೬೦೦ನ್ನು ಸೆಕೆಂಡುಗಳಿಂದ ಭಾಗಿಸಿದ ಲೆಕ್ಕವನ್ನು ಮೊದಲೇ ಅಚ್ಚು ಹಾಕಿರುತ್ತಾರೆ. ೪೫ ಸೆಕೆಂಡು ಹಿಡಿದರೆ ಗಂಟೆಗೆ ೮೦ ಕಿಲೋಮೀಟರ್.

ಎರಡನೆಯದು ದೂರದ ಅಳತೆ. ಮಿಂಚು ಕಂಡಾಗ ಓಡಿಸಿ ಗುಡುಗು ಕೇಳಿದಾಗ ನಿಲ್ಲಿಸಬೇಕು. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಚಲಿಸುತ್ತದೆ. ೬ ಸೆಕೆಂಡಾದರೆ ಸಿಡಿಲು ಸುಮಾರು ೨ ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯಬೇಕು.

ಮೂರನೆಯದು ವೈದ್ಯರಿಗಾಗಿ ಮಾಡಿದ್ದು. ನಾಡಿಯ ೩೦ ಬಡಿತಗಳನ್ನು ಎಣಿಸಿ ನಿಲ್ಲಿಸಿದರೆ ನಿಮಿಷದ ಬಡಿತ ಎಷ್ಟೆಂದು ಡಯಲೇ ಹೇಳುತ್ತದೆ. ೨೫ ಸೆಕೆಂಡು ಹಿಡಿದರೆ ೭೨ ಬಡಿತ.

ಇಂತಹ ಅಳತೆಯಿಂದ ಪ್ರಾಣ ಉಳಿದ ಪ್ರಸಂಗವೂ ಉಂಟು. ೧೯೭೦ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟ ಅಪೋಲೊ ೧೩ ನೌಕೆಯಲ್ಲಿ ಆಮ್ಲಜನಕದ ತೊಟ್ಟಿ ಸ್ಫೋಟಿಸಿತು. ವಿದ್ಯುತ್ತನ್ನು ಉಳಿಸಲು ಯಂತ್ರೋಪಕರಣಗಳನ್ನು ಆರಿಸಬೇಕಾಯಿತು. ಭೂಮಿಗೆ ಮರಳುವ ದಾರಿಯನ್ನು ಸರಿಪಡಿಸಲು ಎಂಜಿನನ್ನು ಸರಿಯಾಗಿ ೧೪ ಸೆಕೆಂಡು ಉರಿಸಬೇಕಾಗಿದ್ದಾಗ, ಜ್ಯಾಕ್ ಸ್ವಿಗರ್ಟ್ ಅವರು ತಮ್ಮ ಕೈಯಲ್ಲಿದ್ದ ಒಮೆಗಾ ಕ್ರೋನೊಗ್ರಾಫಿನಿಂದ ಕಾಲವನ್ನು ಅಳೆದರು. ಮೂವರು ಗಗನಯಾತ್ರಿಗಳೂ ಸುರಕ್ಷಿತವಾಗಿ ಮರಳಿದರು. ಆ ಗಡಿಯಾರ ಚಿನ್ನದ್ದಲ್ಲ, ಉಕ್ಕಿನದು.

ಚಿನ್ನ ಏಕೆ ಬಂತು?

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಬೆವರಿಗೆ ಕಪ್ಪಾಗುವುದು ಕಡಿಮೆ, ಕೆತ್ತಲು ಸುಲಭ. ಜೊತೆಗೆ ಅದು ಗೌರವದ ಗುರುತು. ೧೯೬೯ರ ನವೆಂಬರ್ ೨೫ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಗಗನಯಾತ್ರಿಗಳ ಗೌರವಾರ್ಥ ನಡೆದ ಔತಣದಲ್ಲಿ ಒಮೆಗಾ ಸಂಸ್ಥೆಯು ಅವರಿಗೆ ೧೮ ಕ್ಯಾರೆಟ್ ಚಿನ್ನದ ಸ್ಪೀಡ್‌ಮಾಸ್ಟರ್ ಕ್ರೋನೊಗ್ರಾಫ್‌ಗಳನ್ನು ಅರ್ಪಿಸಿತು. ಆ ಮಾದರಿಯಲ್ಲಿ ತಯಾರಾದವು ಒಟ್ಟು ೧,೦೧೪. ಮೊದಲನೆಯದನ್ನು ಅಧ್ಯಕ್ಷ ನಿಕ್ಸನ್ನರಿಗೆಂದು ಮೀಸಲಿಟ್ಟಿದ್ದರು. ಬೆಲೆಬಾಳುವ ಉಡುಗೊರೆಯೆಂಬ ಕಾರಣಕ್ಕೆ ಅವರು ಅದನ್ನು ಸ್ವೀಕರಿಸಲಿಲ್ಲ.

ಇನ್ನೊಂದು ಬಗೆಯ ಚಿನ್ನದ ಕ್ರೋನೊಗ್ರಾಫ್‌ಗಳು ಇದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಹರಡಿವೆ. ೧೯೪೦ ಮತ್ತು ೧೯೫೦ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಅನೇಕ ಸಣ್ಣ ತಯಾರಕರು ಡಯಲಿನ ಮೇಲೆ ‘ಕ್ರೋನೊಗ್ರಾಫ್ ಸ್ವಿಸ್’ ಎಂದಷ್ಟೇ ಬರೆದು ಇವನ್ನು ಮಾರಿದರು. ನೋಡಲು ದೊಡ್ಡದು, ೧೮ ಕ್ಯಾರೆಟ್ಟಿನದು. ಆದರೆ ಚಿನ್ನದ ತಗಡು ಬಲು ತೆಳು. ಪಟ್ಟಿ ಕಟ್ಟುವ ಕಿವಿಗಳು ಒಳಗೆ ಟೊಳ್ಳು. ಒಳಗಿನ ಯಂತ್ರ ಬಹುವಾಗಿ ಲ್ಯಾಂಡರಾನ್ ಎಂಬ ಊರಿನ ಕಾರ್ಖಾನೆಯದು. ಆ ಯಂತ್ರದ ಪ್ರಸಿದ್ಧ ಮಾದರಿಯಲ್ಲಿ ಮೇಲಿನ ಗುಂಡಿ ಓಡಿಸಲು ಮಾತ್ರ. ಕೆಳಗಿನ ಗುಂಡಿಯ ಮೊದಲ ಒತ್ತಿಗೆ ಮುಳ್ಳು ನಿಲ್ಲುತ್ತದೆ, ಎರಡನೆಯ ಒತ್ತಿಗೆ ಸೊನ್ನೆಗೆ ಬರುತ್ತದೆ. ಇದನ್ನರಿಯದವರು ಮೇಲಿನ ಗುಂಡಿಯನ್ನು ಒತ್ತಿ, ಮುಳ್ಳು ನಿಲ್ಲಲಿಲ್ಲವೆಂದು ಬಲ ಹಾಕಿ ಕೆಡಿಸುವುದುಂಟು.

ಮೂಸೆಗೆ ಬಿದ್ದ ಗಡಿಯಾರಗಳು

೧೯೬೯ರ ಡಿಸೆಂಬರ್ ೨೫ರಂದು ಜಪಾನಿನ ಸೈಕೋ ಸಂಸ್ಥೆಯು ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಅದರ ಕವಚವೂ ಚಿನ್ನದ್ದೇ ಎಂಬುದು ಕುತೂಹಲದ ಸಂಗತಿ. ಮುಂದೆ ಕ್ವಾರ್ಟ್ಜ್ ಅಗ್ಗವಾದಂತೆ, ಕೀಲಿ ಕೊಡುವ ಗಡಿಯಾರ ಯಾರಿಗೂ ಬೇಡವಾಯಿತು. ೧೯೭೦ರಲ್ಲಿ ಸುಮಾರು ೯೦,೦೦೦ ಜನರಿಗೆ ಅನ್ನ ನೀಡುತ್ತಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ ೧೯೮೦ರ ದಶಕದ ನಡುವಿನ ಹೊತ್ತಿಗೆ ಉಳಿದವರು ೩೦,೦೦೦ಕ್ಕಿಂತ ತುಸು ಹೆಚ್ಚು.

ಇದೇ ಕಾಲದಲ್ಲಿ ಚಿನ್ನದ ಬೆಲೆ ಏರಿತು. ೧೯೭೧ರವರೆಗೆ ಔನ್ಸಿಗೆ ೩೫ ಡಾಲರ್ ಎಂದು ಅಧಿಕೃತವಾಗಿ ನಿಗದಿಯಾಗಿದ್ದದ್ದು ೧೯೮೦ರ ಜನವರಿಯಲ್ಲಿ ೮೫೦ ಡಾಲರ್ ಮುಟ್ಟಿತು. ಹಳೆಯ ಗಡಿಯಾರಗಳನ್ನು ಜನರು ತಕ್ಕಡಿಯಲ್ಲಿಟ್ಟರು. ಕವಚವು ಮೂಸೆಗೆ ಹೋಯಿತು. ಯಂತ್ರವು ಕಸಕ್ಕೆ ಹೋಯಿತು. ಒಂದು ಲೆಕ್ಕ ಮಾಡಿ ನೋಡೋಣ. ೧೮ ಕ್ಯಾರೆಟ್ಟಿನ ಕವಚ ೧೨ ಗ್ರಾಂ ತೂಗಿದರೆ ಅದರಲ್ಲಿರುವ ಶುದ್ಧ ಚಿನ್ನ ೯ ಗ್ರಾಂ ಮಾತ್ರ. ಆ ೯ ಗ್ರಾಮಿಗಾಗಿ, ನೂರಕ್ಕೂ ಮಿಕ್ಕಿದ ಬಿಡಿಭಾಗಗಳನ್ನು ಕೂದಲೆಳೆಯ ನಿಖರತೆಯಿಂದ ಜೋಡಿಸಿದ ಯಂತ್ರವೊಂದು ಇಲ್ಲವಾಯಿತು. ಕರಗಿದ ಚಿನ್ನದಿಂದ ಮತ್ತೆ ಬಳೆ ಮಾಡಬಹುದು, ಸರ ಮಾಡಬಹುದು. ಅದೇ ಗಡಿಯಾರವನ್ನು ಮಾಡಲಾಗದು.

ಅಟ್ಟದಲ್ಲಿ ಅಡಗಿದ ವಿದ್ಯೆ

ಎಲ್ಲರೂ ಹೀಗೆ ಕೈಚೆಲ್ಲಲಿಲ್ಲ. ಝೆನಿತ್ ಸಂಸ್ಥೆಯು ೧೯೬೯ರಲ್ಲಿ ‘ಎಲ್ ಪ್ರಿಮೇರೊ’ ಎಂಬ ಕ್ರೋನೊಗ್ರಾಫ್ ಯಂತ್ರವನ್ನು ಹೊರತಂದಿತ್ತು. ಅದು ಗಂಟೆಗೆ ೩೬,೦೦೦ ಬಾರಿ ತೂಗಿ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಅಳೆಯುತ್ತಿತ್ತು. ೧೯೭೫ರಲ್ಲಿ ಸಂಸ್ಥೆಯ ಅಮೆರಿಕದ ಮಾಲೀಕರು, ಇನ್ನು ಮುಂದೆ ಕ್ವಾರ್ಟ್ಜ್ ಸಾಕು, ಹಳೆಯ ಯಂತ್ರಗಳ ತಯಾರಿಕೆ ನಿಲ್ಲಲಿ ಎಂದು ಅಪ್ಪಣೆ ಮಾಡಿದರು. ಲ ಲೋಕ್ಲ್ ಎಂಬ ಊರಿನ ಆ ಕಾರ್ಖಾನೆಯಲ್ಲಿ ಷಾರ್ಲ್ ವೆರ್ಮೊ ಎಂಬ ಕುಶಲ ಕೆಲಸಗಾರರಿದ್ದರು. ಅವರು ಅಚ್ಚುಗಳು, ಸಲಕರಣೆಗಳು, ನಕ್ಷೆಗಳನ್ನು ಒಂದೊಂದಾಗಿ ಸಾಗಿಸಿ ಕಾರ್ಖಾನೆಯ ಅಟ್ಟದಲ್ಲಿ ಮುಚ್ಚಿಟ್ಟರು; ಯಾವುದು ಎಲ್ಲಿದೆ, ಯಾವುದಕ್ಕೆ ಬಳಕೆ ಎಂಬುದನ್ನು ಬರೆದಿಟ್ಟರು. ಮಾಲೀಕತ್ವ ಬದಲಾದ ಮೇಲೆ, ೧೯೮೪ರಲ್ಲಿ, ಆ ಅಟ್ಟದ ಬಾಗಿಲು ತೆರೆಯಿತು. ತಯಾರಿಕೆ ಮತ್ತೆ ಆರಂಭವಾಯಿತು. ೧೯೮೮ರಲ್ಲಿ ರೋಲೆಕ್ಸ್ ಸಂಸ್ಥೆಯೇ ತನ್ನ ಡೇಟೋನಾ ಗಡಿಯಾರಕ್ಕೆ ಎಲ್ ಪ್ರಿಮೇರೊ ಯಂತ್ರವನ್ನು ಕೊಂಡು ಮಾರ್ಪಡಿಸಿ ಬಳಸಿತು. ವೆರ್ಮೊ ಬಚ್ಚಿಟ್ಟದ್ದು ಚಿನ್ನವನ್ನಲ್ಲ, ಕಬ್ಬಿಣದ ಸಲಕರಣೆಗಳನ್ನು ಮತ್ತು ಕಾಗದಗಳನ್ನು. ವಿದ್ಯೆಯು ಅವುಗಳಲ್ಲಿ ಇತ್ತು.

ಉಕ್ಕು ಚಿನ್ನವನ್ನು ಮೀರಿದ್ದು

ಲೋಹವೇ ಬೆಲೆಯಾಗಿದ್ದರೆ ಚಿನ್ನದ ಗಡಿಯಾರ ಎಂದೆಂದಿಗೂ ಉಕ್ಕಿನದಕ್ಕಿಂತ ದುಬಾರಿಯಾಗಿರಬೇಕಿತ್ತು. ಆದರೆ ನಡೆದದ್ದು ಬೇರೆ. ಪಾಟೆಕ್ ಫಿಲಿಪ್ ಸಂಸ್ಥೆಯು ೧೯೪೧ರಲ್ಲಿ ಆರಂಭಿಸಿದ ‘೧೫೧೮’ ಎಂಬ ಮಾದರಿಯ ಕ್ರೋನೊಗ್ರಾಫ್, ಅಧಿಕ ವರ್ಷವನ್ನೂ ಅರಿತು ದಿನಾಂಕ ತೋರಿಸುತ್ತಿತ್ತು. ಒಟ್ಟು ತಯಾರಾದವು ೨೮೧. ಬಹುಪಾಲು ಚಿನ್ನದವು, ಉಕ್ಕಿನವು ಎಂದು ತಿಳಿದಿರುವವು ನಾಲ್ಕೇ. ೨೦೧೬ರಲ್ಲಿ ಜಿನೀವಾದ ಹರಾಜಿನಲ್ಲಿ ಅವುಗಳಲ್ಲೊಂದು ೧ ಕೋಟಿ ೧೦ ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಅದೇ ಮಾದರಿಯ ಹಳದಿ ಚಿನ್ನದವು ಇಷ್ಟು ಬೆಲೆ ಮುಟ್ಟಿಲ್ಲ.

೨೦೧೭ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಚಿತ್ರನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ಉಕ್ಕಿನ ರೋಲೆಕ್ಸ್ ಡೇಟೋನಾ ೧ ಕೋಟಿ ೭೭ ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಅದು ಅವರ ಪತ್ನಿ ಕೊಟ್ಟ ಉಡುಗೊರೆ. ಮೋಟಾರು ಪಂದ್ಯಗಳಲ್ಲಿ ಭಾಗವಹಿಸುತ್ತಿದ್ದ ಪತಿಗೆ ಜೋಪಾನವಾಗಿ ಓಡಿಸಿರೆಂದು ಹೇಳುವ ಮಾತನ್ನು ಆಕೆ ಅದರ ಹಿಂಬದಿಯಲ್ಲಿ ಕೆತ್ತಿಸಿದ್ದರು. ಹಳೆಯ ಹೆಸರು ಕೆತ್ತಿದ್ದರೆ ಗಡಿಯಾರ ಕೆಟ್ಟಿತೆಂದು ಉಜ್ಜಿಸುವವರು ಈ ಮಾತನ್ನು ನೆನಪಿಡಬೇಕು.

ಸಂಗ್ರಹಕಾರರು ನೋಡುವುದೇನನ್ನು?

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿಯಾಗಿರುವುದೆಲ್ಲ ಚಿನ್ನವೂ ಅಲ್ಲ. ತಿಳಿದವರು ಮೊದಲು ಕವಚದ ಮುದ್ರೆಯನ್ನು ಓದುತ್ತಾರೆ. ‘೭೫೦’ ಎಂದರೆ ಸಾವಿರದಲ್ಲಿ ೭೫೦ ಭಾಗ ಚಿನ್ನ, ಅಂದರೆ ೧೮ ಕ್ಯಾರೆಟ್. ಹಳೆಯ ಸ್ವಿಸ್ ಕವಚಗಳಲ್ಲಿ ೧೮ ಕ್ಯಾರೆಟ್ಟಿಗೆ ಹೆಲ್ವೆಟಿಯಾ ಎಂಬ ಸ್ತ್ರೀಯ ಶಿರಸ್ಸು, ೧೪ ಕ್ಯಾರೆಟ್ಟಿಗೆ ಅಳಿಲು ಮುದ್ರೆಯಾಗಿತ್ತು. ೧೯೯೫ರಿಂದ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂದಿತು. ‘೨೦ ಮೈಕ್ರಾನ್’ ಎಂಬಂತಹ ಬರಹವಿದ್ದರೆ ಅದು ಮೇಲಿನ ಲೇಪ ಮಾತ್ರ.

ಎರಡನೆಯದಾಗಿ ಪಾಲಿಶ್. ಚಿನ್ನ ಮೃದುವಾದ ಲೋಹ. ಪ್ರತಿಸಲ ಉಜ್ಜಿದಾಗಲೂ ಒಂದಿಷ್ಟು ಚಿನ್ನ ಹೋಗುತ್ತದೆ; ಅಂಚುಗಳು ಮೊಂಡಾಗುತ್ತವೆ; ಮುದ್ರೆ ಮಾಸುತ್ತದೆ. ತೆಳುವಾದ ಟೊಳ್ಳು ಕಿವಿಗಳು ತೂತು ಬೀಳುವುದೂ ಉಂಟು. ಥಳಥಳಿಸುವುದಕ್ಕಿಂತ, ಸಣ್ಣ ಗೀರುಗಳಿದ್ದರೂ ಚೂಪಾದ ಅಂಚುಳ್ಳ ಕವಚವೇ ಮೇಲು.

ಮೂರನೆಯದಾಗಿ ಡಯಲ್. ಕಾಲಕ್ರಮದಲ್ಲಿ ಬಣ್ಣ ಮಾಸಿದ ಮೂಲ ಡಯಲಿಗೆ, ಹೊಸದಾಗಿ ಬಣ್ಣ ಬಳಿಸಿದ್ದಕ್ಕಿಂತ ಹೆಚ್ಚು ಗೌರವ. ಹೊಸ ಬರಹದಲ್ಲಿ ಅಕ್ಷರಗಳು ದಪ್ಪವಾಗಿ, ಗೆರೆಗಳು ಸೊಟ್ಟಗಾಗಿ ಗುಟ್ಟು ಬಯಲಾಗುತ್ತದೆ.

ನಾಲ್ಕನೆಯದಾಗಿ, ಯಂತ್ರ, ಡಯಲ್ ಮತ್ತು ಕವಚ ಒಂದೇ ಗಡಿಯಾರದವೋ, ಮೂರು ಗಡಿಯಾರಗಳಿಂದ ಕೂಡಿಸಿದವೋ ಎಂದು ಪರೀಕ್ಷಿಸುತ್ತಾರೆ. ಒಂದೊಂದು ಭಾಗವೂ ಅಸಲಿಯಾಗಿದ್ದು, ಒಟ್ಟಾರೆ ಗಡಿಯಾರ ಸುಳ್ಳಾಗಿರಬಹುದು.

ಒಂದು ಎಚ್ಚರಿಕೆಯೂ ಅವಶ್ಯ. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ಡಯಲಿಗೂ ಮುಳ್ಳುಗಳಿಗೂ ರೇಡಿಯಂ ಬೆರೆತ ಬಣ್ಣವನ್ನು ಹಚ್ಚುತ್ತಿದ್ದರು. ೧೯೬೦ರ ದಶಕದ ತನಕವೂ ಈ ಬಳಕೆ ಇತ್ತು. ಬಣ್ಣದ ಹೊಳಪು ಹೋದರೂ ರೇಡಿಯಂ ಹೋಗಿರುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು ೧,೬೦೦ ವರ್ಷ. ಆದ್ದರಿಂದ ಮಕ್ಕಳು ಹಳೆಯ ಗಡಿಯಾರದ ಹಿಂಬದಿಯನ್ನು ಎಂದಿಗೂ ಬಿಚ್ಚಬಾರದು, ಬಣ್ಣವನ್ನು ಕೆರೆಯಬಾರದು.

ತಂದೆತಾಯಂದಿರಲ್ಲಿ ಒಂದು ಮಾತು

ನಮ್ಮ ಊರುಗಳಲ್ಲಿ ಚಿನ್ನದ ಕ್ರೋನೊಗ್ರಾಫ್ ಇರುವ ಮನೆಗಳು ಬೆರಳೆಣಿಕೆಯಷ್ಟು ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಅಜ್ಜನ ಕೈಗಡಿಯಾರವಿಲ್ಲದ ಮನೆ ಕಡಿಮೆ. ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಎಚ್.ಎಂ.ಟಿ. ಇರಬಹುದು, ಕೆಲಸದಿಂದ ನಿವೃತ್ತರಾದಾಗ ಜೊತೆಯವರು ಕೊಟ್ಟದ್ದಿರಬಹುದು. ಎಚ್.ಎಂ.ಟಿ.ಯ ಗಡಿಯಾರ ಸಂಸ್ಥೆಯನ್ನು ಮುಚ್ಚಲು ೨೦೧೬ರಲ್ಲಿ ತೀರ್ಮಾನವಾಯಿತು. ಇರುವವನ್ನು ಉಳಿಸಿಕೊಂಡರೆ ಮಾತ್ರ ಉಂಟು.

ಸಂಸಾರಕ್ಕೆ ಕಷ್ಟ ಬಂದಾಗ ವಸ್ತುವನ್ನು ಮಾರುವುದು ತಪ್ಪಲ್ಲ. ಮಕ್ಕಳ ಓದಿಗೋ ಔಷಧಿಗೋ ಬೇಕಾದಾಗ ಅದು ನೆರವಾಗಲೇಬೇಕು. ಆದರೆ ಚಿನ್ನದ ಗಡಿಯಾರವನ್ನು ಒರೆಗಲ್ಲಿಗೆ ಉಜ್ಜಿಸುವ ಮೊದಲು ಗಡಿಯಾರ ಬಲ್ಲವರೊಬ್ಬರಿಗೆ ತೋರಿಸಿರಿ. ಮಾರುವುದಾದರೆ ಗಡಿಯಾರವನ್ನಾಗಿ ಮಾರಿರಿ, ಲೋಹವನ್ನಾಗಿ ಬೇಡ. ಹರಾಜಿನ ದೊಡ್ಡ ಸಂಖ್ಯೆಗಳನ್ನು ಕೇಳಿ ಸಾಲ ಮಾಡಿ ಹಳೆಯ ಗಡಿಯಾರ ಕೊಳ್ಳುವುದೂ ಬೇಡ. ಆ ಬೆಲೆಗಳು ಅಪರೂಪದ ಕೆಲವಕ್ಕೆ ಮಾತ್ರ. ಮೋಸಕ್ಕೆ ಎಡೆ ಬಹಳ.

ಹಣವಿಲ್ಲದೆಯೂ ಮಾಡಬಹುದಾದ ಸಂಗ್ರಹವೊಂದಿದೆ. ಮನೆಯ ಹಳೆಯ ಗಡಿಯಾರ ಯಾರದು, ಯಾವ ವರ್ಷ ಬಂತು, ಯಾರು ಕೊಟ್ಟರು, ಎಲ್ಲಿ ರಿಪೇರಿಯಾಯಿತು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಗಡಿಯಾರದ ಜೊತೆಗಿಡಿರಿ. ವೆರ್ಮೊ ಅಟ್ಟದಲ್ಲಿ ಸಲಕರಣೆಗಳ ಜೊತೆಗೆ ಬರಹವನ್ನೂ ಇಟ್ಟಿದ್ದರಿಂದಲೇ ಒಂಬತ್ತು ವರ್ಷಗಳ ಬಳಿಕ ಕೆಲಸ ಸುಲಭವಾಗಿ ಮುಂದುವರಿಯಿತು. ಹಾಗೆಯೇ ಕನ್ನಡದಲ್ಲಿ ನೀವು ಬರೆದಿಟ್ಟ ಆ ನಾಲ್ಕು ಸಾಲುಗಳನ್ನು ಮುಂದೆ ನಿಮ್ಮ ಮಕ್ಕಳು ಓದಿದಾಗ, ಗಡಿಯಾರ ಯಾರದೆಂದು ಅವರಿಗೆ ಬೇರೆಯವರು ಹೇಳಬೇಕಾಗುವುದಿಲ್ಲ.

ಅಭ್ಯಾಸ

೧. ಒಂದು ಬಸ್ಸು ಒಂದು ಕಿಲೋಮೀಟರ್ ದೂರವನ್ನು ೭೨ ಸೆಕೆಂಡುಗಳಲ್ಲಿ ಕ್ರಮಿಸಿತು. ಅದರ ವೇಗ ಗಂಟೆಗೆ ಎಷ್ಟು?

೨. ಅಳಿಲಿನ ಮುದ್ರೆಯಿರುವ ಕವಚ ೨೪ ಗ್ರಾಂ ತೂಗುತ್ತದೆ. ಅದರಲ್ಲಿರುವ ಶುದ್ಧ ಚಿನ್ನವೆಷ್ಟು?

೩. ನಾಡಿ ೩೦ ಸಲ ಬಡಿಯಲು ೨೦ ಸೆಕೆಂಡು ಹಿಡಿಯಿತು. ನಿಮಿಷಕ್ಕೆ ಎಷ್ಟು ಬಡಿತ?

೪. ನಿಮ್ಮ ಮನೆಯ ಅಥವಾ ನೆರೆಮನೆಯ ಹಳೆಯ ಗಡಿಯಾರವೊಂದರ ಚರಿತ್ರೆಯನ್ನು ಕೇಳಿ ತಿಳಿದು, ಅರ್ಧ ಪುಟದಷ್ಟು ಬರೆಯಿರಿ.

ಮೊದಲ ಮೂರರ ಉತ್ತರ: ೫೦ ಕಿಲೋಮೀಟರ್, ೧೪ ಗ್ರಾಂ, ೯೦ ಬಡಿತ. ನಾಲ್ಕನೆಯದರ ಉತ್ತರ ನಿಮ್ಮ ಮನೆಯಲ್ಲಿದೆ.